ಪಾರ್ಕಿನಲ್ಲಿ ನಿಂತ ಮೀನುಗಾರ್ತಿ

ಹೊನ್ನಾವರದಲ್ಲಿ ನಮ್ಮ ಮನೆಗೆ ಮೀನು ತರುತ್ತಿದ್ದ ಅಕ್ಕ, ಬುಟ್ಟಿ ಇಳಿಸುವ ಮೊದಲೇ ಯಾರನ್ನಾದರೂ ಬೈಯುತ್ತಿದ್ದಳು. ಮುಂಗೈಯಿಂದ ಹಣೆ ಒರೆಸಿಕೊಂಡು, "ಎಂತ ಹೇಳೂದು ಇಂಥವ್ರಿಗೆ?" ಅನ್ನುತ್ತಿದ್ದಳು.

ಆ ವರ್ಷ ಬೈಗುಳವೆಲ್ಲ ಕಡಲತೀರದ ಪಾರ್ಕಿನ ಸಿಮೆಂಟ್ ಮೂರ್ತಿಯ ಬಗ್ಗೆಯೇ. ಶಿಲ್ಪಿ ಅವಳನ್ನೇ ಬುಟ್ಟಿ ಹೊರಿಸಿ ಎದುರಿಗೆ ನಿಲ್ಲಿಸಿಕೊಂಡು ಅದನ್ನು ಮಾಡಿದ್ದ. ಮುಖ ಥೇಟ್ ಅವಳದೇ. ಆದರೆ ಸೀರೆಯನ್ನು ತೊಡೆಯವರೆಗೆ ಎತ್ತಿ, ಸೆರಗು ಜಾರಿಸಿಬಿಟ್ಟಿದ್ದ. ಬಂದ ಪ್ರವಾಸಿಗರೆಲ್ಲ ಮೂರ್ತಿಯ ಸೊಂಟಕ್ಕೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ನಾನು ಯಾವತ್ತು ಹೀಂಗೆ ಸೀರೆ ಉಟ್ಟಿದ್ದೆ? ನೀವೇ ಹೇಳಿ," ಎಂದು ನನ್ನನ್ನು ಕೇಳಿದಳು. ಪಾರ್ಕಿನ ಮೇಲ್ವಿಚಾರಕನನ್ನೂ ಕೇಳಿದ್ದಳು. "ಅದು ಕಲೆ ಅಕ್ಕ, ನಿಂಗೆ ಗೊತ್ತಾಗೂದಿಲ್ಲ," ಅಂದನಂತೆ. "ಎಂತ ಹೇಳೂದು ಇಂಥವ್ರಿಗೆ?" ಎಂದು ಅವಳು ಹಣೆ ಒರೆಸಿಕೊಂಡಳು.

ಒಂದು ಬೆಳಿಗ್ಗೆ ಅವಳು ತನ್ನ ಹಳೆಯ ಸೀರೆ ಒಯ್ದು ಮೂರ್ತಿಗೆ ಪಾದದವರೆಗೆ ಉಡಿಸಿದಳು. ಕಾವಲುಗಾರ ಬಿಚ್ಚಿದ. ಮತ್ತೆ ಉಡಿಸಿದಳು, ಅವನು ಮತ್ತೆ ಬಿಚ್ಚಿ ಸೀರೆಯನ್ನು ಕಸದ ತೊಟ್ಟಿಗೆ ಹಾಕಿದ.

ಮರುದಿನ ಅವಳು ನಮ್ಮ ಮನೆಗೆ ಬಂದಾಗ ತೋಳಿಗೆಲ್ಲ ಸಿಮೆಂಟಿನ ಪುಡಿ ಮೆತ್ತಿತ್ತು. ಬುಟ್ಟಿಯಲ್ಲಿ ಬಂಗಡೆಯ ಪಕ್ಕ ಒಂದು ಸುತ್ತಿಗೆ.

"ಎಂತ ಮಾಡಿದೆ ಅಕ್ಕ?" ಎಂದೆ.

"ಮುಖ ಒಡೆದೆ," ಅಂದಳು. "ಆತು. ಇನ್ನು ಅದು ನಾನಲ್ಲ."