ಪುಟ್ಟಲಕ್ಷ್ಮಿಯ ಪಾಲಿನ ಬಾಗಿನ

ನಮ್ಮಕ್ಕ ಪುಟ್ಟಲಕ್ಷ್ಮಿಯನ್ನು ನೋಡಿ ಯಾರಾದರೂ "ಪಾಪ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು. ಗಂಡ ಬೈಕಿನಿಂದ ಬಿದ್ದು ತೀರಿಕೊಂಡ ವರ್ಷ, ಅವನ ಮನೆಯವರು ಅವಳನ್ನು ಟ್ರಂಕಿನ ಸಮೇತ ಹಾರನಹಳ್ಳಿ ಪಕ್ಕದ ನಮ್ಮೂರಿಗೆ ತಂದು ಬಿಟ್ಟರು. ಅಕ್ಕನಿಗಿಂತ ಚಿಕ್ಕವನು, ನನಗಿಂತ ದೊಡ್ಡವನು ನಮ್ಮಣ್ಣ ಬಸವರಾಜು. ಅವನು ಎಲ್ಲರ ಮುಂದೆ, "ಇರ್ಲಿ ಬುಡಿ, ನಮ್ಮನೇಲಿ ಕೂಳಿಗೇನು ಬರವಾ" ಅಂದ. ದೊಡ್ಡ ಮನುಷ್ಯನ ಮಾತು! ಮಾರನೇ ವಾರದಿಂದಲೇ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಕೆಲಸ ಅಕ್ಕನ ಪಾಲಿಗೆ ಬಂತು. ಕೂಳು ಪುಕ್ಕಟೆ ಸಿಗುತ್ತದೆಯೇ?

ಬ್ಯಾರನ್ನಿನ ಒಲೆಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲ. ಒಳಗೆ ಎಲೆ ಬೇಯುತ್ತಿರುವಷ್ಟು ದಿನ ಉರಿ ಏರಲೂ ಬಾರದು, ಇಳಿಯಲೂ ಬಾರದು. ಗೌರಿ ಹಬ್ಬ ಬರುವುದೂ ಸರಿಯಾಗಿ ಅದೇ ಕಾಲಕ್ಕೆ. ನಾವೆಲ್ಲ ಹೊಸ ಸೀರೆ ಉಟ್ಟು ಒಬ್ಬಟ್ಟು ತಿನ್ನುವಾಗ ಅಕ್ಕ ಮಸಿ ಮೆತ್ತಿದ ಹಳೇ ಸೀರೆಯಲ್ಲಿ ಒಲೆ ಮುಂದೆ ಇರುತ್ತಿದ್ದಳು.

ಗೌರಿಗೆ ಹೆಣ್ಣುಮಕ್ಕಳಿಗೆ ತವರಿನಿಂದ ಮೊರದ ಬಾಗಿನ ಬರಬೇಕು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ರವಿಕೆ ಬಟ್ಟೆ, ಬಳೆ, ಕರಿಮಣಿ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕೊಡುತ್ತಾರೆ. ಅದು ಬಂದರೆ ತವರು ಇನ್ನೂ ಇದೆ ಅಂತ ಅರ್ಥ. ಗಂಡ ಸತ್ತವಳಿಗೆ ಮಾತ್ರ ಕೊಡುವುದಿಲ್ಲ. ಕೆ.ಆರ್. ನಗರಕ್ಕೆ ಮದುವೆಯಾಗಿ ಹೋದ ನನಗೆ ಪ್ರತಿ ವರ್ಷ ಬರುವ ಬಾಗಿನದ ಮೊರವನ್ನು ಸಂತೆಯಲ್ಲಿ ಆರಿಸಿ ತರುವವಳು ಅಕ್ಕ, ಅಕ್ಕಿ ಕೇರಿ ತುಂಬುವವಳೂ ಅಕ್ಕ. ಅರಿಶಿನ ಕುಂಕುಮ ಹಚ್ಚುವ ಹೊತ್ತಿಗೆ ಬಸವರಾಜುವಿನ ಹೆಂಡತಿ ಮಾನಸ, "ನೀವು ಅತ್ಲಾಗಿ ಇರಿ ಅಕ್ಕ" ಅನ್ನುತ್ತಿದ್ದಳು. ಅಕ್ಕ ಎದ್ದು ಬ್ಯಾರನ್ನಿಗೆ ಹೋಗುತ್ತಿದ್ದಳು.

ಆ ಬ್ಯಾರನ್ನಿಗೆ ಸೌದೆ ತರುವವನು ಹನಗೋಡಿನ ದೇವಯ್ಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾದವನು. ಮೊದಲ ಸಲ ಹಸಿ ಸೌದೆ ತಂದಾಗ ಅಕ್ಕ ಟ್ರ್ಯಾಕ್ಟರನ್ನೇ ವಾಪಸ್ ಓಡಿಸಿದಳಂತೆ. ಆಮೇಲೆ ಒಣಗಿದ್ದೇ ತಂದ. ಆಮೇಲಾಮೇಲೆ ಸೌದೆಯ ಮೇಲೆ ಒಂದು ಮೊಳ ಕನಕಾಂಬರವನ್ನೂ ಇಟ್ಟು ತಂದ. ಅಕ್ಕ ಅದನ್ನೂ ವಾಪಸ್ ಕಳಿಸಿದಳು. ಅವನು ಬಿಡಲಿಲ್ಲ, ಲೋಡು ಬಂದಾಗಲೆಲ್ಲ ಹೂವು ಬಂತು. ಒಂದು ದಿನ ಅಕ್ಕ ಇಸಿದುಕೊಂಡು, ಮುಡಿಯದೆ, ಗೋಡೆಯ ಗೂಡಿನಲ್ಲಿಟ್ಟಳು. ಅಷ್ಟಕ್ಕೇ ಆ ಪುಣ್ಯಾತ್ಮ ಹಾಡು ಹೇಳಿಕೊಂಡು ಟ್ರ್ಯಾಕ್ಟರ್ ಹತ್ತಿದನಂತೆ. ಇದನ್ನು ಹೇಳುವಾಗ ಅಕ್ಕ ನಕ್ಕಿದ್ದು ನೋಡಬೇಕಿತ್ತು ನೀವು.

ಈ ಸಲದ ಗೌರಿಗೆ ನಾನೇ ತವರಿಗೆ ಬಂದಿದ್ದೆ. ಸಂಜೆ ಎಲ್ಲರೂ ಟೀವಿ ಮುಂದೆ. ಸೀರಿಯಲ್‌ನಲ್ಲೂ ಗೌರಿ ಹಬ್ಬ, ಮನೆ ತುಂಬ ನೆಂಟರು. ಗಂಡ ಸತ್ತ ಕಿರಿ ಸೊಸೆಗೆ ಒಬ್ಬ ಒಳ್ಳೆಯ ಹುಡುಗ ಕುಂಕುಮ ಇಡಲು ಬಂದರೆ ಅವಳ ಅಣ್ಣ ಅಡ್ಡ ನಿಂತಿದ್ದಾನೆ. ಮಾನಸ ಸೆರಗಿನಿಂದ ಮೂಗೊರೆಸಿಕೊಂಡಳು. ನಮ್ಮವ್ವ ರುಕ್ಮಿಣಮ್ಮನ ಕಣ್ಣಲ್ಲೂ ನೀರು. ಬಸವರಾಜುವಂತೂ ತೊಡೆ ತಟ್ಟಿ, "ಎಂಥಾ ಕಟುಕ ನೋಡ್ಲಾ ಅವ್ನು! ಒಡಹುಟ್ಟಿದೋಳ ಸಂಕ್ಟ ತಿಳಿಯಕ್ಕಿಲ್ವಾ?" ಅಂತ ಟೀವಿಗೇ ಬೈದ.

ಬಾಗಿಲಿಂದ ಅಕ್ಕನ ದನಿ ಬಂತು. "ನಿಂಗೆ ತಿಳೀತದಾ ಬಸವರಾಜು?"

ಮಸಿ ಕೈಯಲ್ಲೇ ಒಳಗೆ ಬಂದು ನಿಂತಳು. "ಒಲೆ ಮುಂದೆ ದೇವಯ್ಯನ್ನ ಕೂರಿಸಿ ಬಂದಿದೀನಿ. ಮದ್ವೆ ಆಗ್ತೀಯಾ ಅಂತ ಕೇಳ್ದ. ಊಂ ಅಂದೆ."

ಸೀರಿಯಲ್‌ನವರು ಮಾತ್ರ ಅಳುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರ ಕಣ್ಣೀರೂ ಒಂದೇ ಏಟಿಗೆ ನಿಂತಿತ್ತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನಮ್ಮಂಥವರನ್ನು ನೋಡಿಯೇ ಹುಟ್ಟಿದ ಗಾದೆ.

"ಸೀರಿಯಲ್ ಬ್ಯಾರೆ, ಸಂಸಾರ ಬ್ಯಾರೆ ಕಣಕ್ಕ" ಅಂದ ಬಸವರಾಜು. "ಊರೋರು ಏನಂದಾರು?"

"ಊರೋರು ಒಂದಿನ ಬಂದು ಸೌದೆ ಆಕವ್ರಾ?"

ಅವನಿಗೆ ರೇಗಿತು. "ಅವನ ಜೊತೆ ಓದ್ರೆ ತವರು ಇಲ್ಲ ಅಂದ್ಕೊ!"

ಅಕ್ಕ ಕೂಗಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಬಾಗಿನವನ್ನು, ಬೆಳಿಗ್ಗೆ ತಾನೇ ತುಂಬಿದ್ದ ಆ ಮೊರವನ್ನು ನೋಡಿದಳು. "ತವರು ಅಂದ್ರೆ ಬಾಗಿನ ಬರೋ ಮನೆ ಕಣ್ಲಾ. ಗಂಡ ಸತ್ತಾಗ್ಲಿಂದ ನಂಗೆ ಒಂದು ಬಾಗಿನ ಬಂದಿಲ್ಲ. ಇಲ್ದೇ ಇರೋ ತವರನ್ನ ಎಂಗ್ ಕಿತ್ಕೊಂಡೀಯ?"

ಬಸವರಾಜು ಟೀವಿ ಕಡೆ ಮುಖ ತಿರುಗಿಸಿದ.

"ಟೀವಿ ಆರ್ಸು" ಅಂದಳು ಅವ್ವ. ಆ ಹೊತ್ತಿನಲ್ಲಿ ನಮ್ಮ ಮನೆಯ ಟೀವಿ ಯಾವತ್ತೂ ಆರಿದ್ದಿಲ್ಲ. ನಾನೇ ಎದ್ದು ಆರಿಸಿದೆ. ಅವ್ವ ಮಂಡಿ ಹಿಡಿದುಕೊಂಡು ಎದ್ದು ನನ್ನ ಬಾಗಿನಕ್ಕೆ ಕೈ ಹಾಕಿದಳು. "ಚಿಕ್ಕೋಳೇ, ನಿಂಗೆ ಬ್ಯಾರೆ ಕೊಡ್ತೀನಿ ಕಣವ್ವ" ಅಂದಳು ನನಗೆ. ನಾನು ಮೊರ ಎತ್ತಿ ಅವ್ವನ ಕೈಗೆ ಕೊಟ್ಟೆ.

ಮಾನಸ ಗಾಬರಿಯಾದಳು. "ಅತ್ತೆ, ನೀವು ಬಾಗಿನ ಕೊಡಬಾರ್ದು!" ಅಪ್ಪ ತೀರಿಕೊಂಡ ಮೇಲೆ ಅವ್ವನೂ ಗೌರಿ ಪೂಜೆಯಿಂದ ದೂರವೇ ಇದ್ದವಳು.

"ಗೊತ್ತು ಬುಡು. ನಾನೂ ಮುಂಡೆ, ಅವ್ಳೂ ಮುಂಡೆ. ಎತ್ತವ್ವ ಮಗಳಿಗೆ ಕೊಟ್ರೆ ಮುನಿಸ್ಕೊಳ್ಳೋ ಗೌರಿ ಇದ್ರೆ ಮುನಿಸ್ಕೊಳ್ಳಿ."

ಅಕ್ಕ ಸೆರಗು ಒಡ್ಡಿದಳು. ಅವ್ವ ಬಾಗಿನವನ್ನು ಮಸಿ ಮೆತ್ತಿದ ಆ ಸೆರಗಿನಲ್ಲಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಅದು ಸೀರಿಯಲ್ ನೋಡಿ ಬಂದ ಅಳು ಅಲ್ಲ. ಅಕ್ಕ ಅಲ್ಲೇ ಕೂತು, ಮೇಲಿನ ಮೊರ ತೆಗೆದು, ಹಸಿರು ಬಳೆಗಳನ್ನು ಒಂದೊಂದಾಗಿ ಎಲ್ಲರ ಎದುರಿಗೇ ತೊಟ್ಟಳು.

ಬಸವರಾಜು ನೆಲ ನೋಡುತ್ತಾ, "ಬ್ಯಾರನ್ ಯಾರು ನೋಡ್ಕೊಳ್ಳೋದು?" ಅಂದ. ಅಗೋ, ಊರೋರು ಅಂದದ್ದರ ಒಳಗಿದ್ದ ನಿಜವಾದ ಚಿಂತೆ ಹೊರಗೆ ಬಂತು!

"ಸೊಪ್ಪು ಇಳ್ಸೋಗಂಟ ನಾನೇ ನೋಡ್ಕೊತೀನಿ. ಅರ್ಧಕ್ಕೆ ಬುಟ್ಟೋಗೋಳಲ್ಲ ನಾನು. ಆದ್ರೆ ನನ್ ಜೊತೇಲಿ ನಿನ್ ಭಾವನೂ ಬತ್ತಾರೆ."

"ಬರ್ಲಿ" ಅಂದ ಅವನು, ಕೇಳಿಸಿಯೂ ಕೇಳಿಸದ ಹಾಗೆ.

ಅಕ್ಕ ಮೊರ ಎತ್ತಿಕೊಂಡು ಎದ್ದಳು. "ಬರ್ಲಿ ಅನ್ಬ್ಯಾಡ. ಇವತ್ತು ಅಬ್ಬ. ಆ ಮನ್ಸ ಸಂಜೆಯಿಂದ ನಿನ್ ಒಲೆಗೆ ಸೌದೆ ಆಕ್ತಾ ಕೂತವ್ರೆ. ಓಗು, ಬನ್ನಿ ಭಾವ, ಊಟಕ್ಕೆ ಅಂತ ನೀನೇ ಕರಿ."

ಬಸವರಾಜು ಎದ್ದು ಬಹಳ ಹೊತ್ತು ಚಪ್ಪಲಿ ಹುಡುಕಿದ. ಅವು ಬಾಗಿಲಲ್ಲೇ ಇದ್ದವು. ಅಕ್ಕ ಬಾಗಿನ ಹಿಡಿದು ನೋಡುತ್ತಲೇ ನಿಂತಿದ್ದಳು. ಕೊನೆಗೆ ಅವನು ಬರಿಗಾಲಲ್ಲೇ ಬ್ಯಾರನ್ನಿನ ಕಡೆ ನಡೆದ.