ಹರಕಾರ ಸಾಬಣ್ಣ ತಂದ ಸುದ್ದಿ

ಆಗೆಲ್ಲ, ಅಂದರೆ ನಿಜಾಮನ ಕಾಲದಲ್ಲಿ, ನಮ್ಮ ಚಿತ್ತಾಪುರ ಸೀಮೆಯ ಹಳ್ಳಿಗಳಿಗೆ ಸುದ್ದಿ ನಡೆದುಕೊಂಡೇ ಬರುತ್ತಿತ್ತು. ತರುತ್ತಿದ್ದವನು ಹರಕಾರ ಸಾಬಣ್ಣ. ಹೆಗಲಿಗೆ ಟಪ್ಪಾಲಿನ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಭರ್ಜಿ. ಓದು ಬಾರದ ನಮ್ಮ ಜನ ಹೇಳಬೇಕಾದ್ದನ್ನು ಅವನ ಹತ್ತಿರ ಬಾಯಿಮಾತಿನಲ್ಲೇ ಹೇಳಿ ಕಳಿಸುತ್ತಿದ್ದರು. ಈಗ ಸನ್ನತಿ ರಸ್ತೆಯ ತಿರುವಿನಲ್ಲಿ ಊರ ಹುಡುಗರು ಅವನ ಹೆಸರಿನಲ್ಲೊಂದು ಶಹಾಬಾದ್ ಕಲ್ಲು ನಿಲ್ಲಿಸಿ, ‘ಸುದ್ದಿಯನ್ನು ಎಂದೂ ತಡಮಾಡದ ಹರಕಾರ’ ಎಂದು ಕೆತ್ತಿಸಿದ್ದಾರೆ. ಅವರಿಗೇನು ಗೊತ್ತು, ಪಾಪ! ಬಸ್ಸು ಅಲ್ಲಿಗೆ ಬಂದಾಗ ನಾನು ಆಚೆ ಮುಖ ಮಾಡಿ ಕೂಡುತ್ತೇನೆ.

ನಮ್ಮ ಕಡೆ ಒಂದು ರೀತಿ ಇತ್ತು. ಕೆಟ್ಟ ಸುದ್ದಿ ತಂದವರು ಮನೆಯವರ ಊಟ ಮುಗಿಯುವ ತನಕ ಬಾಯಿ ಬಿಡಬಾರದು. ಕೇಳಿದ ಮೇಲೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಅದಕ್ಕೆ. ಸಾಬಣ್ಣ ಯಾರ ಮನೆಗೆ ಬಂದರೂ ಮೊದಲು ಕೇಳುತ್ತಿದ್ದುದು, “ಉಂಡೀರೇನ್ರಿ?” ಎಂದೇ.

ಅಂದು ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ಮನೆಮಂದಿಯೆಲ್ಲ ಹೊಲದಲ್ಲಿದ್ದೆವು. ಕಡಲೆ ಗಿಡದ ಹುಳಿ ವಾಸನೆ, ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಭಜ್ಜಿಪಲ್ಲೆ, ಶೇಂಗಾ ಹೋಳಿಗೆ. ಅಪ್ಪ ಆಗಷ್ಟೇ ಬೆಳೆಗೆ ಎಡೆಯ ಚರಗ ಚೆಲ್ಲಿ ಬಂದಿದ್ದ. ಅಷ್ಟರಲ್ಲಿ ಸಾಬಣ್ಣ ಬೆವರು ಸುರಿಸುತ್ತ ಬಂದು ಬನ್ನಿ ಗಿಡದ ಕೆಳಗೆ ಕುಳಿತ.

“ಬಾ ಸಾಬಣ್ಣ, ಹಬ್ಬದ ದಿನ ಬಂದಿ, ಉಣ್ಣು,” ಎಂದಳು ಅವ್ವ.

“ನಂದಿರ್ಲಿ ಯಕ್ಕಾ. ನೀವು ಲಗೂ ಉಣ್ರಿ.”

ಅವ್ವ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವಳು. ನಾವು ಮಕ್ಕಳು ಉಂಡೆವು, ಅಪ್ಪ ಉಂಡ, ಆಳುಮಕ್ಕಳು ಉಂಡರು. ಸಾಬಣ್ಣ ಒಂದು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ. “ಲಗೂ ಉಣ್ರಿ ಯಕ್ಕಾ,” ಎಂದ ಮತ್ತೆ.

“ಯಾಕೋ, ಹಿಂದ ಹುಲಿ ಬೆನ್ನ ಹತ್ಯಾದೇನು?” ಎಂದು ಅವ್ವ ನಕ್ಕಳು. ನಾವೂ ನಕ್ಕೆವು.

ಅವ್ವ ಕೈ ತೊಳೆದ ಮೇಲೆ ಅವನು ಎದ್ದು ನಿಂತ. “ಯಕ್ಕಾ, ಸನ್ನತ್ಯಾಗ ಗುರವ್ವಗ ಭಾಳ ತ್ರಾಸ ಆಗ್ಯಾದ. ಕೂಸು ಉಳೀಲಿಲ್ಲ. ರಕ್ತ ನಿಲ್ಲವಲ್ದು. ನಿಮ್ಮನ್ನೇ ಕರೀಲಿಕತ್ತಾಳ.”

ಗುರವ್ವ ನನ್ನ ಅಕ್ಕ. ಸನ್ನತಿಗೆ ಕೊಟ್ಟಿದ್ದರು, ಎರಡನೇ ಬಸಿರು. ಅಪ್ಪ ಬಂಡಿ ಹೂಡಿ ಎತ್ತುಗಳನ್ನು ಹೊಡೆದ ಹೊಡೆತ! ನಾವು ಊರು ಮುಟ್ಟುವಷ್ಟರಲ್ಲಿ ಅಕ್ಕನ ಮುಖದ ಮೇಲೆ ಸೀರೆ ಎಳೆದಿದ್ದರು. ಮೈ ಇನ್ನೂ ಬೆಚ್ಚಗಿತ್ತು. “ಅವ್ವ ಬಂದ್ಳೇನು, ಅವ್ವ ಬಂದ್ಳೇನು ಅಂತ ಈಗಿನ ತನಕ ಕೇಳಿದ್ಳವ್ವ,” ಎಂದಳು ಅವಳ ಅತ್ತೆ.

ಮಣ್ಣು ಮಾಡಲು ಸಾಬಣ್ಣನೂ ಬಂದಿದ್ದ. ಅವ್ವ ಅವನ ಅಂಗಿ ಹಿಡಿದು ಜಗ್ಗಿದಳು. “ಒಂದಿನ ಉಪಾಸ ಇದ್ರ ನಾ ಸಾಯ್ತಿದ್ನೇನೋ? ಯಾಕ ಹೇಳ್ಲಿಲ್ಲೋ?”

“ಉಣ್ಣೋರಿಗೆ ಹ್ಯಾಂಗ ಹೇಳ್ಲಿ ಯಕ್ಕಾ?” ಎಂದ ಅವನು. ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಸಾಬಣ್ಣ ಯಾರ ಮನೆಯಲ್ಲೂ ಕೂಡಲಿಲ್ಲ. ಹೊಸ್ತಿಲ ಹೊರಗೆ ನಿಂತು, ಒಳಗಿನವರ ಕೈಯಲ್ಲಿ ತುತ್ತಿದ್ದರೂ, ಸತ್ತವರ ಹೆಸರು ಹೇಳಿ ಹೊರಟುಬಿಡುತ್ತಿದ್ದ. ಕಟುಕ ಎಂದು ಜನ ಬೈದರು. ಕ್ರಮೇಣ ಊರಿನಲ್ಲಿ ಆ ಹಳೆಯ ರೀತಿಯೇ ಬಿಟ್ಟುಹೋಯಿತು. ಈಗ ಕೆಟ್ಟ ಸುದ್ದಿ ನಾವು ಉಣ್ಣಲು ಕುಳಿತಾಗಲೇ ಬಂದು ಬಡಿಯುತ್ತದೆ. ಒಳ್ಳೆಯದೇ, ಜೀವವಿರುವಾಗ ಕಡೆಯ ಮುಖವಾದರೂ ಸಿಗುತ್ತದೆ. ಅವ್ವನಿಗೆ ಅದು ಸಿಗಲಿಲ್ಲ. ಸಾಯುವ ತನಕ ಯಾವ ಎಳ್ಳಮಾಸಿಯಂದೂ ಅವಳು ಉಣ್ಣಲಿಲ್ಲ. ಉಣ್ಣು ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.