ಎವಾಲ್ಡ್ ತಂದ ಬಿಸಿ ವೈನ್

ವಾಲ್‌ಬುರ್ಗಾ ಹೈಡ್ನರ್ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ನ್ಯೂರೆಂಬರ್ಗಿನ ಕ್ರಿಸ್‌ಮಸ್ ಸಂತೆಯಲ್ಲಿ ಚರ್ಚಿನ ಎದುರು ಮೂಲೆಯ ಮಳಿಗೆ ಅವಳದು. ತಂತಿಗೆ ಒಣ ಪ್ಲಮ್ ಹಣ್ಣು ಪೋಣಿಸಿ ಕೈಕಾಲು ಮಾಡಿ, ಅಕ್ರೋಟಿನ ತಲೆ ಕೂರಿಸಿ, ಬಟ್ಟೆ ತೊಡಿಸಿ ಗೊಂಬೆ ಮಾಡುತ್ತಿದ್ದಳು. ಪಾದ್ರಿ, ಸೂಲಗಿತ್ತಿ, ಚಿಮಣಿ ಗುಡಿಸುವವ, ಎಲ್ಲರದೂ ಓರೆನೋಟವೇ.

"ನಿನ್ನ ಗೊಂಬೆಗಳೂ ನಿನ್ ಥರಾನೇ ಜನರನ್ನ ಗುರಾಯಿಸ್ತವೆ ಕಣೇ" ಎಂದು ಎದುರುಗಡೆ ಬಾದಾಮಿ ಹುರಿದು ಮಾರುವ ಇರ್ಮ್‌ಟ್ರೌಡ್ ಛೇಡಿಸುತ್ತಿದ್ದಳು.

ವಾಲ್‌ಬುರ್ಗಾ ಹಾಗಾದದ್ದು ಗಂಡನಿಂದ. ಲೋಥಾರ್ ದಿನಾ ಬೆಳಿಗ್ಗೆ ಅವಳಿಗೆ ಕಾಫಿ ಮಾಡಿಕೊಡುತ್ತಿದ್ದ, ಅವಳ ಬೂಟು ಒರೆಸಿಡುತ್ತಿದ್ದ. ಒಂದು ದಿನ ಎಂದಿನಂತೆ ಕಾಫಿ ಮಾಡಿಟ್ಟು, ಕೆಳಮನೆಯ ದರ್ಜಿಯವಳ ಜೊತೆ ಹ್ಯಾಂಬರ್ಗಿಗೆ ಹೊರಟುಹೋದ. ಆಮೇಲೆ ಅವನಿಂದ ಬಂದದ್ದು ವಿಚ್ಛೇದನದ ಕಾಗದ ಮಾತ್ರ. ಅಂದಿನಿಂದ ಯಾರಾದರೂ ಉಪಕಾರಕ್ಕೆ ಬಂದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು.

ಆ ವರ್ಷ ಪಕ್ಕದ ಮಳಿಗೆಗೆ ಎವಾಲ್ಡ್ ಸ್ಟ್ರೋಬೆಲ್ ಬಂದ. ಹೆಂಡತಿ ತೀರಿಕೊಂಡವನು, ಜೇನು ಮಸಾಲೆಯ ಬಿಸ್ಕತ್ತು ಮಾರುವವನು. ಮರುಸಂಜೆಯೇ ಬಿಸಿ ವೈನಿನ ಲೋಟ ಹಿಡಿದು ನಿಂತ.

"ತಗೊಳ್ಳಿ, ಚಳಿ ಜಾಸ್ತಿ."

"ನಾನು ಕೇಳ್ಲಿಲ್ವಲ್ಲ?"

"ಕೇಳ್ಲಿ ಅಂತ ಕಾದ್ರೆ ಆರಿಹೋಗುತ್ತೆ."

ಅವನು ಆಚೆ ತಿರುಗಿದ್ದೇ ತಡ, ಅವಳು ವೈನನ್ನು ಮಳಿಗೆಯ ಹಿಂದೆ ಚೆಲ್ಲಿದಳು. ಮರುದಿನವೂ ಲೋಟ ಬಂತು, ಮರುದಿನವೂ ಚೆಲ್ಲಿದಳು. ಹಿಂಬದಿಯ ಹಿಮ ಕೆಂಪಗಾಯಿತು. ಅವನು ಅವಳ ಮಳಿಗೆಯ ಮುಂದಿನ ಹಿಮವನ್ನೂ ಸರಿಸಿದ. ಜಾಗ ಅಳೆಯುತ್ತಿದ್ದಾನೆ ಎಂದುಕೊಂಡಳು. ಅವಳ ಬಾಗಿಲಿನ ಸಡಿಲ ಚಿಲಕ ಬಿಗಿಮಾಡಿದ. ಚಿಲಕದ ಗುಟ್ಟು ತಿಳಿದುಕೊಂಡ ಎಂದುಕೊಂಡಳು.

ಅಷ್ಟರಲ್ಲಿ ಇರ್ಮ್‌ಟ್ರೌಡ್ ಸುದ್ದಿ ತಂದಳು. "ಸ್ಟ್ರೋಬೆಲ್ ಸಂತೆ ಕಚೇರಿಗೆ ಹೋಗಿದ್ನಂತೆ ಕಣೇ. ನಿನ್ನ ಮಳಿಗೆ ವಿಷಯ ವಿಚಾರಿಸಿದ್ನಂತೆ!"

ವಾಲ್‌ಬುರ್ಗಾಳಿಗೆ ಮೂಲೆ ಕೈತಪ್ಪುವ ಭಯವಾಯಿತು. ಜೊತೆಗೇ ತನ್ನ ಅನುಮಾನ ಸುಳ್ಳಾಗಲಿಲ್ಲವೆಂಬ ಸಮಾಧಾನವೂ ಆಯಿತು. ಗಿರಾಕಿಗಳ ಎದುರೇ ಅವನ ಮುಂದೆ ಹೋಗಿ ನಿಂತಳು.

"ನನ್ನ ಮೂಲೆ ಮೇಲೆ ಕಣ್ಣು ಹಾಕಿದೀರಾ?"

"ಆ ಮೂಲೆನಾ? ಅಲ್ಲಿ ಗಾಳಿ ನೇರ ಮುಖಕ್ಕೇ ಹೊಡೆಯುತ್ತೆ. ನಂಗ್ಯಾಕೆ ಬೇಕು?"

"ಮತ್ತೆ ಕಚೇರಿಗ್ಯಾಕೆ ಹೋದ್ರಿ?"

ಎವಾಲ್ಡನ ಮುಖ ನಾಚಿಕೆಯಿಂದ ಕೆಂಪಾಯಿತು. "ಮುಂದಿನ ವರ್ಷ ಮಳಿಗೆ ಎಲ್ಲಾ ಅದಲುಬದಲು ಮಾಡ್ತಾರಂತೆ. ನನ್ನನ್ನ ನಿಮ್ಮ ಪಕ್ಕದಲ್ಲೇ ಇಡಿ ಅಂತ ಕೇಳೋಕೆ ಹೋಗಿದ್ದೆ."

"ಯಾಕೆ?"

"ಹೆಂಡ್ತಿ ಹೋದ್ಮೇಲೆ ಪಾಪ ಅಂತ ಎಲ್ರೂ ನನ್ನ ಬಿಸ್ಕತ್ತನ್ನ ಹೊಗಳ್ತಾರೆ. ಮೊದಲ ದಿನವೇ ರುಚಿ ನೋಡಿ, ತಳ ಸೀದಿದೆ ಅಂತ ಮುಖದ ಮೇಲೆ ಹೇಳಿದೋರು ನೀವೊಬ್ರೇ. ನಿಜವಾಗ್ಲೂ ಸೀದಿತ್ತು." ಅವನು ದನಿ ತಗ್ಗಿಸಿದ. "ವೈನ್ ಚೆಲ್ಲೋದೂ ಗೊತ್ತು ನಂಗೆ. ಚೆಲ್ಲಿ ಪರವಾಗಿಲ್ಲ. ನಾಳೆನೂ ತರ್ತೀನಿ."

ಅವಳು ಅಷ್ಟಕ್ಕೇ ನಂಬಲಿಲ್ಲ. ಮಳಿಗೆಯನ್ನು ಇರ್ಮ್‌ಟ್ರೌಡ್‌ಗೆ ಒಪ್ಪಿಸಿ ತಾನೇ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ನಗುತ್ತಾ, "ಹೌದಮ್ಮ, ಅದನ್ನೇ ಕೇಳಿದ್ರು. ಎರಡು ಸಲ ಬಂದಿದ್ರು" ಎಂದ. ಎರಡು ಸಲ ಯಾಕೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಸಂಜೆ ಲೋಟ ಬಂದಾಗ ಮೂಸಿ ನೋಡಿ, ಅವನು ನೋಡುತ್ತಿದ್ದಂತೆಯೇ ಅರ್ಧ ಕುಡಿದಳು.

"ದಾಲ್ಚಿನ್ನಿ ಅತಿಯಾಯ್ತು."

"ಹೂಂ, ಮಾಡಿದೋನಿಗೆ ಹೇಳ್ತೀನಿ" ಎಂದ, ಹಬ್ಬದ ಉಡುಗೊರೆ ಸಿಕ್ಕವನ ಹಾಗೆ.

ಅದಾಗಿ ಮೂರನೆಯ ಚಳಿಗಾಲದಲ್ಲಿ ಅವನು ಮದುವೆಯ ಮಾತೆತ್ತಿದ. ಅವಳು ಯೋಚಿಸಿ ಹೇಳುತ್ತೇನೆ ಎಂದಳು. ಆ ಯೋಚನೆ ಮುಂದಿನ ಸಂತೆಯವರೆಗೂ ನಡೆಯಿತು. ಪುರಭವನದಲ್ಲಿ ಮದುವೆಯಾಗಿ ಅವನ ಮನೆಗೆ ಹೋದರೂ ತನ್ನ ಬಾಡಿಗೆ ಮನೆಯನ್ನು ಬಿಡಲಿಲ್ಲ.

"ಇರ್ಲಿ ಬಿಡು, ಅದಿದ್ರೆ ನಿಂಗೊಂದು ಧೈರ್ಯ" ಎಂದ ಎವಾಲ್ಡ್. ಭಾನುವಾರಗಳಂದು ಅವಳ ಜೊತೆ ಹೋಗಿ ಆ ಖಾಲಿ ಮನೆಯ ಕಿಟಕಿ ತೆರೆದಿಡುತ್ತಿದ್ದ, ಸೋರುವ ನಲ್ಲಿ ಸರಿಮಾಡುತ್ತಿದ್ದ. ಅವಳು ಹಿಂದೆಯೇ ನಿಂತು, ಅವನು ಏನು ಮಾಡುತ್ತಿದ್ದಾನೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.